ಹಳ್ಳದಾಚೆಯ ಓಣಿಗೆ ಟೀಕಾ

ನನ್ನ ಮೊದಲ ನೌಕರಿ ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಹಾಕುವುದು. ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಿದ್ದರು, ಲಸಿಕೆಗೆ ಟೀಕಾ ಎನ್ನುತ್ತಿದ್ದರು. ಪೊಲೀಸ್ ಆ್ಯಕ್ಷನ್ ಆಗಿ ಒಂದು ವರ್ಷ ದಾಟಿತ್ತು. ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿದಿತ್ತು, ಆದರೆ ರಾಜ್ಯ ಇನ್ನೂ ಹೈದರಾಬಾದ್ ರಾಜ್ಯವೇ. ಬೀದರಿನ ಕಚೇರಿಗೆ ಬರುವ ಕಾಗದಗಳು ಇನ್ನೂ ಉರ್ದುವಿನಲ್ಲೇ ಇರುತ್ತಿದ್ದವು. ನನಗೆ ಇಪ್ಪತ್ತೊಂದು ವರ್ಷ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದನ್ನು ನಾಲ್ಕು ಜನರ ಎದುರು ಒಪ್ಪಿಕೊಳ್ಳಬೇಕಾಗಿ ಬಂದ ದಿನವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಕ್ರಮ ತಪ್ಪದೆ ಕೆಲಸ ಮಾಡುವುದನ್ನು ನಾನು ಭಾಲ್ಕಿಯ ನಮ್ಮ ಮನೆಯಲ್ಲೇ ಕಲಿತೆ. ಕೋಳಿ ಕೂಗುವ ಮೊದಲು ಏಳಬೇಕು, ತಣ್ಣೀರು ಹೊಯ್ದುಕೊಳ್ಳಬೇಕು, ವಿಭೂತಿ ಧರಿಸಿ ಲಿಂಗಪೂಜೆಗೆ ಕೂರಬೇಕು. ಪೂಜೆ ಮುಗಿದ ಮೇಲೆ ಅಪ್ಪ ನಮ್ಮಿಂದ ಒಂದೊಂದು ವಚನ ಹೇಳಿಸುತ್ತಿದ್ದರು. ಯಾರ ಕುಲವನ್ನೂ ಕೇಳಬಾರದು ಎಂಬ ಅರ್ಥದ ವಚನಗಳೇ ಅವುಗಳಲ್ಲಿ ಹೆಚ್ಚು. ಒಂದಕ್ಷರ ತಪ್ಪಿದರೆ ಮೊದಲಿನಿಂದ ಹೇಳಬೇಕಿತ್ತು. ವಚನ ಒಪ್ಪಿಸಿ ಹಿತ್ತಲಿಗೆ ಬಂದರೆ, ಹೊಲದ ಕೆಲಸಕ್ಕೆ ಬಂದ ಆಳು ಎರಡೂ ಕೈ ಚಾಚಿ ನಿಂತಿರುತ್ತಿದ್ದ. ಅವ್ವ ಮೊಳದಷ್ಟು ಮೇಲಿನಿಂದ ಅವನ ಕೈಗೆ ರೊಟ್ಟಿ ಬಿಡುತ್ತಿದ್ದಳು. ವಚನ ಹೇಳುವುದು, ರೊಟ್ಟಿ ಮೇಲಿನಿಂದ ಬಿಡುವುದು, ಎರಡೂ ನನಗೆ ಮನೆಯ ನಿಯಮಗಳೇ. ಎರಡನ್ನೂ ತಪ್ಪದೆ ಪಾಲಿಸಿದೆ. ಒಂದು ಇನ್ನೊಂದಕ್ಕೆ ವಿರುದ್ಧ ಎಂದು ನನಗಾಗಲಿ, ಮನೆಯಲ್ಲಿ ಬೇರೆ ಯಾರಿಗಾಗಲಿ ಹೊಳೆಯಲಿಲ್ಲ.

ಕೆಲಸ ಕಲಿಸಿದವರು ಬೀದರಿನ ಒಬ್ಬ ಹಿರಿಯರು. ನೌಬಾದದ ಹತ್ತಿರ ಅವರ ಮನೆ. ಇಪ್ಪತ್ತೇಳು ವರ್ಷ ಊರೂರು ತಿರುಗಿ ಟೀಕಾ ಹಾಕಿದವರು. ಎಲ್ಲರೂ ಅವರನ್ನು ಉಸ್ತಾದರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಕೈ ನೋಡುವಂತಿತ್ತು. ಮೊದಲು ಸೋಪು ಹಚ್ಚಿ ಕೈ ತೊಳೆಯುವುದು. ಮಗುವಿನ ತೋಳು ಒರೆಸುವುದು. ತುದಿಯಲ್ಲಿ ಸಣ್ಣ ಹಲ್ಲುಗಳಿರುವ ಕಬ್ಬಿಣದ ಕಡ್ಡಿಯನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿದು ಆರಿಸುವುದು. ಗಾಜಿನ ನಳಿಗೆಯಿಂದ ತೋಳಿನ ನಾಲ್ಕು ಕಡೆ ಒಂದೊಂದು ಹನಿ ಲಸಿಕೆ ಬಿಟ್ಟು, ಪ್ರತಿಯೊಂದರ ಮೇಲೆ ಕಡ್ಡಿಯನ್ನಿಟ್ಟು ಎರಡು ಬೆರಳಲ್ಲಿ ತಿರುಗಿಸುವುದು. ಮಗು ಬಾಯಿ ತೆರೆದು ಅಳು ಶುರುಮಾಡುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಎಂಟನೆಯ ದಿನ ಮರಳಿ ಹೋಗಿ ತೋಳು ನೋಡಬೇಕು. ಹಾಕಿದಲ್ಲಿ ನೀರುಗುಳ್ಳೆ ಎದ್ದಿದ್ದರೆ ಟೀಕಾ ಹತ್ತಿದೆ, ಆ ಮಗುವಿಗೆ ಇನ್ನು ದೇವಿಯ ಭಯವಿಲ್ಲ. ಚರ್ಮ ಚಪ್ಪಟೆಯಾಗಿಯೇ ಇದ್ದರೆ ಹತ್ತಿಲ್ಲ, ಮತ್ತೆ ಹಾಕಬೇಕು.

ಲಸಿಕೆಗೆ ಶಾಖ ಆಗದು. ಅದಕ್ಕೇ ಚಳಿಗಾಲದಲ್ಲಿ ಮಾತ್ರ ನಮ್ಮ ತಿರುಗಾಟ. ನಳಿಗೆಗಳ ತಗಡಿನ ಡಬ್ಬಿಯನ್ನು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ಹೂತು, ಮೇಲೆ ಒದ್ದೆ ಗೋಣಿ ಸುತ್ತಿ ಒಯ್ಯುತ್ತಿದ್ದೆವು. ಒಂದು ನಳಿಗೆ ಎಂಟು ಹತ್ತು ಮಕ್ಕಳಿಗೆ ಸಾಕಾಗುತ್ತಿತ್ತು. ಪ್ರತಿ ಊರಿಗೂ ಇಷ್ಟೇ ನಳಿಗೆ ಎಂದು ಗೊತ್ತುಮಾಡಿರುತ್ತಿದ್ದರು.

ಪ್ರತಿ ಊರಿಗೂ ಒಂದು ಪಟ್ಟಿ ಇರುತ್ತಿತ್ತು. ಯಾವ ಮನೆಯಿಂದ ಶುರುಮಾಡಿ ಯಾವ ಓಣಿಯಲ್ಲಿ ಮುಗಿಸಬೇಕು ಎಂಬುದು ಅದರಲ್ಲಿತ್ತು. ಎಲ್ಲ ಊರಲ್ಲೂ ಮೊದಲ ಹೆಸರು ಪಾಟೀಲರ ಮನೆಯದು. ಕೊನೆಯ ಓಣಿ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ. ಅಂದು ಊರಿನವರು ಆ ಓಣಿಯನ್ನು ಕರೆಯುತ್ತಿದ್ದ ಹೆಸರನ್ನು ನಾನು ಬರೆಯುವುದಿಲ್ಲ. ನಾನು ಹೇಳಲಿರುವ ಹಳ್ಳಿಯಲ್ಲಿ ಅದು ಹಳ್ಳದ ಆಚೆ ದಂಡೆಯಲ್ಲಿತ್ತು, ಹಳ್ಳದಾಚೆಯ ಓಣಿ ಎನ್ನುತ್ತೇನೆ. ಹಳ್ಳಿಯ ಹೆಸರೂ ಬೇಡ. ಔರಾದ ತಾಲೂಕು, ಎಕಂಬಾ ದಾಟಿ ಒಳಗೆ ಹೋಗಬೇಕು, ಇಷ್ಟು ಸಾಕು.

ಮೊದಲ ಚಳಿಗಾಲ ನಾನು ಆ ಊರಿಗೆ ಆರು ನಳಿಗೆ ಒಯ್ದೆ. ಮಕ್ಕಳ ಲೆಕ್ಕಕ್ಕೆ ಆರು ಸರಿಯಾಗಿ ಸಾಕಾಗಬೇಕಿತ್ತು. ಪಾಟೀಲರು ಚಾವಡಿಯ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೊಂದು ರೂಢಿ, ಗಡಿಗೆಯ ಗೋಣಿ ಸರಿಸಿ ಒಳಗೆ ನೋಡುವುದು.

“ಎಷ್ಟ ತಂದೀರಿ ಡಾಕ್ಟ್ರ?” ಎಂದರು. ನಾನು ಡಾಕ್ಟರಲ್ಲ ಎಂದು ಅವರಿಗೂ ಗೊತ್ತು.

“ಆರು ರೀ.”

“ಛಲೋ ಆತು. ಹೋದ ವರ್ಷ ಹಾಕಿಸಿಕೊಂಡ ಹುಡುಗರಿಗೂ ಇನ್ನೊಂದು ಸಲ ಹಾಕಿಬಿಡ್ರಿ. ಗಟ್ಟಿ ಆಗ್ತದ.”

ಒಮ್ಮೆ ಹತ್ತಿದ ಮಗುವಿಗೆ ಮಾರನೆಯ ವರ್ಷವೇ ಬೇಕಾಗಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಗಡಿಗೆಯಲ್ಲಿ ನಳಿಗೆ ಇರುವವರೆಗೂ ಊರೊಳಗಿಂದ ತೋಳುಗಳು ಬರುತ್ತಲೇ ಇದ್ದವು. ಬೀಗರ ಮಕ್ಕಳು ಬಂದರು, ಊಟಕ್ಕೆ ಬಂದ ನೆಂಟರ ಮಕ್ಕಳು ಬಂದರು. ನಾನು ಹಳ್ಳ ದಾಟಿದಾಗ ಮಧ್ಯಾಹ್ನವಾಗಿತ್ತು. ಕೈಯಲ್ಲಿ ಅರ್ಧ ನಳಿಗೆ. ಓಣಿಯ ಮೊದಲ ನಾಲ್ಕು ಮನೆಗಳಿಗೆ ಅದು ಮುಗಿಯಿತು.

ಐದನೆಯ ಮನೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಎರಡು ವರ್ಷದ ಮಗಳ ಕುಪ್ಪಸ ಬಿಚ್ಚಿ, ತೋಳು ತೊಳೆದು, ಸಿದ್ಧಮಾಡಿಕೊಂಡು ನಿಂತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು.

“ಮುಗೀತು. ಮುಂದಿನ ಸುತ್ತಿಗೆ ಹಾಕ್ತೇನಿ,” ಎಂದೆ.

“ಹೋದ ಸಲ ಒಬ್ಬ ಮುದುಕ ಬಂದಿದ್ದನ್ರಿ. ಅಂವನೂ ಇದೇ ಮಾತು ಅಂದಾನ,” ಎಂದಳು. ಮಗಳಿಗೆ ಮತ್ತೆ ಕುಪ್ಪಸ ತೊಡಿಸುತ್ತ, “ನಮ್ಮ ಓಣಿಗೆ ಬರೂಕಿಂತ ಮುಂಚೇನ ಯಾಕ ಮುಗೀತದ ಸಾಹೇಬ್ರ? ಒಂದು ಸಲನಾರ ಅಲ್ಲಿ ಮುಗೀಬೇಕಲ್ಲ?” ಎಂದು ಕೇಳಿದಳು.

ನಾನು ರಿಜಿಸ್ಟರಿನಲ್ಲಿ ಆ ಓಣಿಯ ಉಳಿದ ಹನ್ನೆರಡು ಮಕ್ಕಳ ಹೆಸರಿನ ಮುಂದೆ ‘ಲಸಿಕೆ ತೀರಿದೆ’ ಎಂದು ದುಂಡಗೆ ಬರೆದೆ. ಬರೆದ ಅಕ್ಷರ ಚೆನ್ನಾಗಿತ್ತು. ಮೂರನೆಯ ದಿನ ಔರಾದದ ದವಾಖಾನೆಗೆ ಹೊಸ ನಳಿಗೆಗಳು ಬಂದವು. ಸೈಕಲ್ ಇತ್ತು, ಒಂದು ಹೊತ್ತಿನ ದಾರಿ. ಆದರೆ ನನ್ನ ತಿರುಗಾಟದ ಕಾಗದದಲ್ಲಿ ಆ ದಿನಕ್ಕೆ ಬೇರೆ ಊರಿನ ಹೆಸರಿತ್ತು. ನಾನು ಕಾಗದದಂತೆ ನಡೆದೆ.

ಎಂಟನೆಯ ದಿನ ತೋಳು ನೋಡಲು ಹೋದಾಗಲೂ ಗಡಿಗೆ ಬರಿದಾಗಿತ್ತು. ಮತ್ತೆ ಟೀಕಾ ಹಾಕಲು ಅಲ್ಲಿಗೆ ಹೋದದ್ದು ಚಳಿಗಾಲದ ಕೊನೆಯಲ್ಲಿ, ಉಳಿದಿದ್ದ ಅರ್ಧ ನಳಿಗೆ ಹಿಡಿದು. ಅವಳು ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

“ಮಗಳಿಗೆ ಹಾಕೋಣ ಏನ್ರಿ?” ಎಂದೆ.

“ಆಕಿ ಹೋದಳ್ರಿ,” ಎಂದಳು. “ದೇವಿ ಬಂದು ಒಂಬತ್ತು ದಿನಕ್ಕ.”

ಅಷ್ಟು ಹೇಳಿ ಮತ್ತೆ ಕೂತು ಬಟ್ಟೆ ಒಗೆಯತೊಡಗಿದಳು. ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಉತ್ತರ ಕೊಡಲು ನನ್ನ ಬಳಿ ಕಾಗದವಿತ್ತು.

ಬೀದರಿಗೆ ಬಂದು ಉಸ್ತಾದರಿಗೆ ಹೇಳಿದೆ. ಅವರು ಕಚೇರಿಯ ಹಿಂದಿನ ಬೇವಿನ ನೆರಳಲ್ಲಿ ಗೋಣಿಗಳನ್ನು ಒಣಹಾಕುತ್ತಿದ್ದರು.

“ಉಸ್ತಾದ್ರ, ಪಟ್ಟಿ ಯಾಕ ಯಾವಾಗಲೂ ಪಾಟೀಲರ ಮನಿಯಿಂದ?”

“ಹಳ್ಳದಾಚಿಂದ ಸುರು ಮಾಡಿದ್ರ ಊರಾಗ ಕಾಲಿಡಾಕ ಬಿಡಂಗಿಲ್ಲ ಬೇಟಾ. ಅಲ್ಲಿ ಮುಟ್ಟಿಸಿದ ಕಡ್ಡಿ ತಮ್ಮ ಮಕ್ಕಳಿಗೆ ಮುಟ್ಟಿಸಗೊಡಂಗಿಲ್ಲ.”

“ಕಡ್ಡಿ ಬೆಂಕಿಗೆ ಹಿಡೀತೀವಲ್ರಿ?”

“ಬೆಂಕಿಗೆ ರೋಗ ಸುಡ್ತದ. ಅವರ ತಲ್ಯಾಗಿಂದು ಸುಡಂಗಿಲ್ಲ.”

“ಇಷ್ಟು ವರ್ಷದಾಗ ನೀವು ಒಂದ ಸಲನಾರ ಹೇಳಬಹುದಿತ್ತು.”

ಅವರು ಗೋಣಿಯನ್ನು ಎರಡು ಸಲ ಕೊಡವಿದರು. “ಹೇಳಬಹುದಿತ್ತು. ನಿಜಾಮರ ಹುಕೂಮತ್ ಇದ್ದಾಗ ಹೇಳಿದ್ರ ಕೇಳತಿದ್ರು. ಆಗ ನನಗ ನೌಕರಿ ಸುರಳೀತ ಆದ್ರ ಸಾಕಾಗಿತ್ತು. ಈಗ ಹೇಳಿದ್ರ ನನ್ನ ಟೊಪ್ಪಿಗಿ ನೋಡ್ತಾರ, ‘ಇಂವ ಆ ಮಂದಿ ಪೈಕಿ’ ಅಂತಾರ, ಮುಗೀತು. ಪೊಲೀಸ್ ಆ್ಯಕ್ಷನ್ ಆದಾಗ ನಮ್ಮ ಓಣ್ಯಾಗ ಏನೇನಾಗ್ಯಾದ ನಿನಗ ಗೊತ್ತದ. ನಾ ಈಗ ಜೋರಾಗಿ ಕೆಮ್ಮಂಗೂ ಇಲ್ಲ.” ಗೋಣಿಯನ್ನು ಹರವುತ್ತ, “ನಿನಗ ಹಂಗ ಅನ್ನಂಗಿಲ್ಲ. ನಿನ್ನ ಕೊರಳಾಗ ಲಿಂಗ ಅದ. ನೀ ಅಂದ್ರ ಬೈತಾರ, ಆದ್ರ ಕೇಳ್ತಾರ,” ಎಂದರು.

ಅವರು ನನ್ನ ಕೈಗೆ ಕೊಟ್ಟದ್ದು ಏನೆಂದು ನನಗೆ ಅರ್ಥವಾಯಿತು. ಅರ್ಥವಾದ ಮೇಲೂ ಅದನ್ನು ಎತ್ತಿಕೊಳ್ಳದೆ ಉಪಾಯ ಹುಡುಕಿದೆ. ಪಾಟೀಲರ ಎದುರು ಮಾತಾಡುವುದು ಬೇಡ, ಪಟ್ಟಿ ಬದಲಿಸುವುದು ಬೇಡ. ಒಂದು ನಳಿಗೆಯನ್ನು ಅವರ ಕಣ್ಣಿಗೆ ಬೀಳದಂತೆ ತೆಗೆದಿಟ್ಟು ಹಳ್ಳದಾಚೆಗೆ ಒಯ್ದರಾಯಿತು. ಯಾರಿಗೂ ನೋವಿಲ್ಲ, ಕೆಲಸವೂ ಆಯಿತು. ನಾನು ಬಹಳ ಸಜ್ಜನನೆಂದು ಆ ವರ್ಷವೆಲ್ಲ ನನಗೆ ಅನ್ನಿಸಿತ್ತು.

ಎರಡನೆಯ ಚಳಿಗಾಲ ಬಂತು. ಔರಾದದಲ್ಲಿ ಆರು ನಳಿಗೆ ತೆಗೆದುಕೊಂಡೆ. ಐದನ್ನು ಗಡಿಗೆಯಲ್ಲಿ ಹೂತೆ. ಗಡಿಗೆ ಹೊರಲು ಪಾಟೀಲರು ತಮ್ಮ ಆಳನ್ನು ಔರಾದಕ್ಕೇ ಕಳಿಸುತ್ತಿದ್ದುದರಿಂದ ಆರನೆಯದನ್ನು ಅವನು ಬರುವ ಮೊದಲೇ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಹಾಕಿಕೊಂಡೆ. ಅದು ಒಂದು ಹಗಲು, ಒಂದು ರಾತ್ರಿ, ಮತ್ತೆ ಮಧ್ಯಾಹ್ನದವರೆಗೆ ನನ್ನ ಎದೆಗೆ ಅಂಟಿಕೊಂಡಿತ್ತು. ಹೊರಗೆ ಮೈ ನಡುಗಿಸುವ ಚಳಿ. ನಾನು ಗಾಳಿಯ ತಂಪನ್ನು ಮಾತ್ರ ಎಣಿಸಿದೆ.

ಪಾಟೀಲರು ಗಡಿಗೆಯಲ್ಲಿ ಐದನ್ನು ಕಂಡರು, ಐದೂ ಊರೊಳಗೆ ಮುಗಿದವು. ನಾನು ಹಳ್ಳ ದಾಟಿದೆ.

ಅವಳಿಗೆ ಈಗ ನಾಲ್ಕು ತಿಂಗಳ ಇನ್ನೊಬ್ಬ ಮಗಳಿದ್ದಳು. ಈ ಸಲ ತೋಳು ತೊಳೆದು ನಿಂತಿರಲಿಲ್ಲ. ನಾನೇ ಬಾಗಿಲಿಗೆ ಹೋಗಿ ಕರೆದೆ. ನಾನು ಜೇಬಿನಿಂದ ನಳಿಗೆ ತೆಗೆಯುವುದನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಊರಾಗಿನವರಿಗೆ ಗಡಗಿಯಾಗಿಂದು ಹಾಕ್ತೀರಂತ. ನಮಗ ಜೇಬಿನ್ಯಾಗಿಂದು ಯಾಕ್ರಿ?”

“ನಿಮಗಂತ ಬೇರೆ ಇಟ್ಟಿದ್ದೆ.”

“ಕದ್ದು?”

ನಾನು ನಕ್ಕೆ. ಅವಳು ನಗಲಿಲ್ಲ. “ನಮ್ಮದು ನಮಗ ಕೊಡಾಕ ಕದೀಬೇಕೇನ್ರಿ?” ಎಂದಳು. ಆದರೂ ಮಗುವಿನ ತೋಳು ಮುಂದೆ ಮಾಡಿದಳು.

ಓಣಿಯಲ್ಲಿ ಇನ್ನೂ ಟೀಕಾ ಆಗದಿದ್ದ ಒಂಬತ್ತು ಮಕ್ಕಳಿಗೆ ಹಾಕಿ ಮುಗಿಸಿ ನಾನು ಸೋಪು ತೆಗೆದು ಕೈ ತೊಳೆದುಕೊಂಡೆ. ಅದನ್ನೂ ಅವಳು ನೋಡುತ್ತಿದ್ದಳು. ಊರೊಳಗೆ ಕೆಲಸ ಶುರುಮಾಡುವ ಮೊದಲು ಕೈ ತೊಳೆಯುತ್ತಿದ್ದೆ. ಇಲ್ಲಿ ಶುರುವಿಗೂ ತೊಳೆದಿದ್ದೆ, ಮುಗಿದ ಮೇಲೂ ತೊಳೆದೆ. ಯಾರೂ ಹೇಳಿಕೊಟ್ಟದ್ದಲ್ಲ. ಅವಳು ನೀರು ಬೀಳುತ್ತಿದ್ದ ನನ್ನ ಕೈಯನ್ನೇ ನೋಡಿದಳು. ನಾನು ಅರ್ಧಕ್ಕೆ ನಿಲ್ಲಿಸಿ ಕೈ ಒರೆಸಿಕೊಂಡೆ.

ಎಂಟನೆಯ ದಿನ ನೋಡಲು ಹೋದಾಗ ಊರಿನಲ್ಲಿ ಒಂದೇ ಮಾತು. ಎರಡು ಹರದಾರಿ ಆಚೆಯ ಊರಿಗೆ ದೇವಿ ಬಂದಿದೆ, ಮೂರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಊರೊಳಗಿನ ತೋಳುಗಳನ್ನು ನೋಡುತ್ತ ಹೋದೆ. ಹೊಸದಾಗಿ ಹಾಕಿದ ಮಕ್ಕಳಿಗೆಲ್ಲ ಮುತ್ತಿನಂಥ ಗುಳ್ಳೆಗಳು ಎದ್ದಿದ್ದವು. ಹಳ್ಳ ದಾಟಿದೆ. ಮೊದಲ ಮಗುವಿನ ತೋಳು ಚಪ್ಪಟೆ. ಎರಡನೆಯದೂ ಚಪ್ಪಟೆ. ಮೂರನೆಯ ಮಗುವಿನ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದೆ. ನಾಲ್ಕನೆಯ ಬಾಗಿಲಲ್ಲಿ ನನ್ನ ಕೈ ತಾನಾಗಿ ಒಳಜೇಬಿಗೆ ಹೋಯಿತು. ಕೂಸು ಮಲಗಿಸಿದ ಜಾಗದಷ್ಟು ಬೆಚ್ಚಗಿತ್ತು ಅದು. ಲಸಿಕೆಯನ್ನು ನಾನೇ ಮೈಶಾಖದಲ್ಲಿಟ್ಟು ಕೊಂದಿದ್ದೆ. ಒಂಬತ್ತು ಮಕ್ಕಳ ತೋಳಿಗೆ ಸತ್ತ ಹನಿಯನ್ನು ಉಜ್ಜಿ, ಒಳ್ಳೆಯ ಕೆಲಸ ಮಾಡಿದೆನೆಂದು ಮನೆಗೆ ಹೋಗಿದ್ದೆ.

ಅವಳ ಮಗಳ ತೋಳಿನಲ್ಲಿ ನಾಲ್ಕು ಸಣ್ಣ ಗೀರುಗಳಿದ್ದವು, ಬೇರೇನೂ ಇರಲಿಲ್ಲ.

“ಎದ್ದಿಲ್ಲ,” ಎಂದೆ.

“ಯಾಕ್ರಿ?”

ನಾನು ಚಾವಡಿಯ ಕಡೆ ನಡೆದೆ. ರಿಜಿಸ್ಟರನ್ನು ಅಲ್ಲಿ ಕೂತೇ ತುಂಬಬೇಕಿತ್ತು. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಬಂದಳು. ಚಾವಡಿಯ ಮುಂದಿನ ಬಯಲಿನ ಅಂಚಿನವರೆಗೆ ಬಂದು, ಹಳ್ಳದಾಚೆಯವರು ನಿಲ್ಲುವ ಜಾಗದಲ್ಲಿ ನಿಂತಳು. ಅದಕ್ಕಿಂತ ಮುಂದೆ ಅವರು ಬರುವಂತಿರಲಿಲ್ಲ.

ಕಟ್ಟೆಯ ಮೇಲೆ ಪಾಟೀಲರು, ಅವರ ತಮ್ಮ, ಇನ್ನಿಬ್ಬರು ಹಿರಿಯರು ಇದ್ದರು. ಪಾಟೀಲರ ಮಗಳು ಹಿಂದಿನ ದಿನವಷ್ಟೇ ಮಗನನ್ನು ಕರೆದುಕೊಂಡು ಭಾತಂಬ್ರಾದಿಂದ ತವರಿಗೆ ಬಂದಿದ್ದಳು. ಆ ಮಗುವಿಗೂ ಇನ್ನೂ ಟೀಕಾ ಆಗಿರಲಿಲ್ಲ.

“ಏನಾತು, ಹಳ್ಳದಾಚೆ?” ಪಾಟೀಲರು ಕೇಳಿದರು.

“ಎದ್ದಿಲ್ರಿ. ಒಬ್ಬರಿಗೂ ಎದ್ದಿಲ್ಲ.”

“ಒಬ್ಬರಿಗೂ?” ಅವರು ತಮ್ಮನ ಮುಖ ನೋಡಿದರು. “ನಾ ಏನ್ ಹೇಳ್ತಿದ್ದೆ? ಅವರ ರಕ್ತನ ಬ್ಯಾರೆ. ಸರಕಾರದ ಔಷಧ ಅವರ ಮೈಗೆ ಹತ್ತಂಗಿಲ್ಲ. ಹಿಟ್ಟು ಕಲಸಿ ಕಲ್ಲಿಗೆ ಬಡದಂಗ.”

“ಊರಾಗ ಅಷ್ಟೂ ಹತ್ಯಾದ, ಅಲ್ಲಿ ಒಂದೂ ಇಲ್ಲ. ಇನ್ನೇನ ಸಾಕ್ಷಿ ಬೇಕು?” ಎಂದರು ತಮ್ಮ.

ಪಾಟೀಲರ ದನಿಯಲ್ಲಿ ಸಿಟ್ಟಿರಲಿಲ್ಲ, ಮಳೆ ಬರುತ್ತದೆ ಎಂದು ಹೇಳುವವರಂತೆ ಇದ್ದರು. “ಬರೀರಿ ಡಾಕ್ಟ್ರ. ಈ ಓಣಿಗೆ ಟೀಕಾ ಹತ್ತಂಗಿಲ್ಲಂತ ಬೀದರಕ್ಕ ಬರೀರಿ. ಸುಮ್ಮನ ಅಲ್ಲಿ ಚೆಲ್ಲೂಕಿಂತ ಇನ್ನ ಮುಂದ ಅದಿಷ್ಟೂ ಔಷಧ ಊರಿಗೇ ಇರಲಿ.”

ಬಯಲಿನ ಅಂಚಿನಿಂದ ಅವಳು ಕೇಳಿದಳು. ದೂರದಿಂದ ಮಾತಾಡುವ ಅಭ್ಯಾಸದವಳು, ದನಿ ಸ್ಪಷ್ಟವಾಗಿತ್ತು. “ಖರೇನ್ರಿ ಸಾಹೇಬ್ರ? ನಮ್ಮ ರಕ್ತ ಬ್ಯಾರೇನ್ರಿ?”

ಅವಳು ನನ್ನನ್ನು ಛೇಡಿಸುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಒಬ್ಬ ಮಗಳು ಹೋಗಿದ್ದಳು, ಇನ್ನೊಬ್ಬಳ ತೋಳು ಚಪ್ಪಟೆಯಾಗಿತ್ತು, ದೇವಿ ಎರಡು ಹರದಾರಿಯಲ್ಲಿತ್ತು. ತನ್ನ ಮೈಯಲ್ಲೇ ಏನೋ ಕೊರತೆ ಇದೆಯೇನೋ ಎಂದು ಅವಳೂ ನಂಬುವ ಹೊತ್ತು ಹತ್ತಿರ ಬಂದಿತ್ತು. ಆ ಸುಳ್ಳಿಗೆ ಸಾಕ್ಷಿ ಒದಗಿಸಿದವನು ನಾನು, ಅದೂ ಅವಳಿಗೆ ಒಳ್ಳೆಯದು ಮಾಡಲು ಹೋಗಿ.

ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಹಿಡಿಯುವಂತಿರಲಿಲ್ಲ. ‘ಹತ್ತಿಲ್ಲ’ ಎಂದಷ್ಟೇ ಬರೆದರೂ ಅದು ಸುಳ್ಳಾಗುತ್ತಿರಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸರಕಾರದ ಲಸಿಕೆ ಬಚ್ಚಿಟ್ಟು ಕೆಡಿಸಿದ್ದು ಸಣ್ಣ ತಪ್ಪೂ ಅಲ್ಲ. ಇವೆಲ್ಲ ನನ್ನ ತಲೆಯಲ್ಲಿ ಸಾಲಾಗಿ ಬಂದವು. ಟಾಕನ್ನು ಮಸಿಯಲ್ಲಿ ಅದ್ದಿದೆ, ಮತ್ತೆ ತೆಗೆದು ಕೆಳಗಿಟ್ಟೆ.

“ರಕ್ತ ಬೇರೆ ಅಲ್ಲ,” ಎಂದೆ. ಎದ್ದು ನಿಂತು, ಬಯಲಿನ ಅಂಚಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದೆ. “ರಕ್ತ ಬೇರೆ ಅಲ್ರಿ. ಔಷಧ ಬೇರೆ ಇತ್ತು. ಗಡಗಿಯಾಗ ಇಟ್ಟರ ನಿಮಗ ಕಾಣಿಸ್ತದಂತ ಒಂದು ನಳಿಗಿ ನಾ ಜೇಬಿನ್ಯಾಗ ಇಟ್ಕೊಂಡಿದ್ದೆ. ನನ್ನ ಮೈ ಶಾಖಕ್ಕ ಅದು ಸತ್ತದ. ಅದೇ ನಳಿಗಿ ನಿಮ್ಮ ಮೊಮ್ಮಗನ ತೋಳಿಗೆ ಹಾಕಿದ್ರ ಅವಗೂ ಏಳತಿರಲಿಲ್ಲ.”

ಪಾಟೀಲರ ತಮ್ಮ ನಕ್ಕರು. “ಅಂದ್ರ ಸರಕಾರದ ಮಾಲು ಜೇಬಿಗೆ ಇಳಿಸೀದಿ. ಮ್ಯಾಲ ನಮ್ಮ ಎದುರಿಗೇ ಪುರಾಣ ಹೇಳ್ತಿ.”

“ಹೌದ್ರಿ, ಇಳಿಸೀನಿ. ಹಂಗಂತನ ಬರೀತೇನಿ.”

ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ‘ಲಸಿಕೆ ಹಾಕುವವನು ನಳಿಗೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡದ್ದರಿಂದ ಕೆಟ್ಟಿದೆ. ಮಕ್ಕಳಲ್ಲಿ ಯಾವ ದೋಷವೂ ಇಲ್ಲ. ಮತ್ತೆ ಹಾಕತಕ್ಕದ್ದು.’ ಓದಿ, “ನಾಡಿದ್ದು ಹೊಸ ನಳಿಗಿ ತರ್ತೇನಿ. ಹಳ್ಳದಾಚಿಂದ ಸುರು ಮಾಡ್ತೇನಿ,” ಎಂದೆ.

“ಯಾವ ಮನಿ ಹುಡುಗಪ್ಪ ನೀ?” ಎಂದರು ಪಾಟೀಲರು. ಮನೆತನದ ಹೆಸರು ಹೇಳಿದೆ. ಅವರಿಗೆ ಅಪ್ಪನ ಪರಿಚಯವಿತ್ತು. “ಅಂಥಾ ಮನಿಯಾಗ ಹುಟ್ಟಿ...” ಎಂದು ತಲೆ ಅಲ್ಲಾಡಿಸಿದರು. “ತಮ್ಮಾ, ಕೇಳು. ಮೊದಲ ಅಲ್ಲಿ ಹೋದ್ರ ಆ ಕಡ್ಡಿ ತಗೊಂಡು ಈ ಅಗಸಿ ಒಳಗ ಬರಬ್ಯಾಡ. ನನ್ನ ಮೊಮ್ಮಗಗ ಅದು ಮುಟ್ಟಂಗಿಲ್ಲ.”

“ಉರಿಗೆ ಹಿಡಿದ ಕಡ್ಡಿ ರೀ. ಎಲ್ಲಾರಿಗೂ ಅದೊಂದೇ.”

“ಉರಿ ನನಗ ಹೇಳಬ್ಯಾಡ. ಇನ್ನಾ ಮೀಸಿ ಬಂದಿಲ್ಲ, ಸಾಲಿ ಹೇಳಾಕ ಬಂದಾನ.”

ಅಂದು ನಾನು ಗೆದ್ದೆ ಎಂದು ಯಾರೂ ತಿಳಿಯಬಾರದು. ಔರಾದಕ್ಕೆ ಸೈಕಲ್ ತುಳಿಯುವಾಗ ಹೋಗಲಿರುವ ನೌಕರಿಯನ್ನೇ ಲೆಕ್ಕಹಾಕುತ್ತಿದ್ದೆ. ತಿರುಗಾಟದ ಕಾಗದದಲ್ಲಿ ಆ ದಿನಗಳಿಗೆ ಬರೆದಿದ್ದ ಊರಿಗೆ ನಾನು ಹೋಗಲಿಲ್ಲ. ಕಾಗದ ಮೀರಿದ್ದು ಅದೇ ಮೊದಲು. ಎರಡನೆಯ ದಿನ ಗಡಿಗೆಯನ್ನು ನಾನೇ ಹೊತ್ತು, ಊರಬಾಗಿಲಾದ ಅಗಸಿಯ ಒಳಗೆ ಹೋಗದೆ, ಊರ ಮುಂದಿನಿಂದಲೇ ಹಳ್ಳಕ್ಕೆ ಇಳಿದೆ. ಓಣಿಯ ನಡುವೆ ಕೂರಲು ಒಂದು ಹೊರಸು ಹಾಕಿದರು. ಗಡಿಗೆಯ ಗೋಣಿಯನ್ನು ಸರಿಸಿ, ಎಲ್ಲರೂ ನೋಡುವಂತೆ ನಳಿಗೆ ತೆಗೆದೆ. ಒಂಬತ್ತು ಮಕ್ಕಳಿಗೂ ಹಾಕಿದೆ, ಹಿಂದೆ ಬಿಟ್ಟುಹೋಗಿದ್ದ ಇಬ್ಬರು ದೊಡ್ಡವರಿಗೂ ಹಾಕಿದೆ. ಮುಗಿದ ಮೇಲೆ ಕೈ ತೊಳೆಯಲಿಲ್ಲ. ಅವಳು ಒಂದು ತಂಬಿಗೆ ನೀರು ತಂದು, “ಕುಡೀತೀರೇನ್ರಿ? ಇಲ್ಲಾ ಕೈಗಷ್ಟೇ ಏನ್ರಿ?” ಎಂದಳು. ಕುಡಿದೆ. ಅದರಲ್ಲಿ ಹೆಚ್ಚಿನದೇನೂ ಇಲ್ಲ, ಬಾಯಾರಿತ್ತು.

ಆಮೇಲೆ ಅಗಸಿಯ ಬಳಿ ಹೋಗಿ ನಿಂತೆ. ಇನ್ನೂ ಮೂರು ನಳಿಗೆ ಉಳಿದಿದ್ದವು. ಯಾರೂ ಬರಲಿಲ್ಲ. ಪಾಟೀಲರ ಮಗಳು ಮಗುವನ್ನು ಎತ್ತಿಕೊಂಡು ಮನೆಯ ಬಾಗಿಲವರೆಗೆ ಬಂದದ್ದು ಕಂಡಿತು. ಒಳಗಿನಿಂದ ಯಾರೋ ಕರೆದರು, ತಿರುಗಿ ಹೋದಳು. ಮಾರನೆಯ ದಿನವೇ ಬಂಡಿ ಕಟ್ಟಿ ಅವಳನ್ನು ಭಾತಂಬ್ರಾಕ್ಕೆ ಕಳಿಸಿದರಂತೆ. ಅಲ್ಲಿ ಟೀಕಾ ಹಾಕುತ್ತಿದ್ದವನು ಬೇರೊಬ್ಬ, ಅವನ ಪಟ್ಟಿ ಹಳೆಯ ಕ್ರಮದಲ್ಲೇ ಇತ್ತು.

ದೂರು ಬೀದರಿಗೆ ಹೋಯಿತು. ಜೇಬಿನ ನಳಿಗೆಗಾಗಿ ನನ್ನನ್ನು ಕರೆದು ಕೇಳಿದರು, ಇದ್ದದ್ದನ್ನು ಹೇಳಿದೆ. ಕಾಯಂ ಆಗುವುದು ಎರಡು ವರ್ಷ ಮುಂದಕ್ಕೆ ಹೋಯಿತು. ಅದು ಸರಿಯಾದ ಶಿಕ್ಷೆಯೇ ಎಂದು ಈಗಲೂ ಅನ್ನುತ್ತೇನೆ. ಅದಕ್ಕೂ ಮೊದಲಿನ ಹನ್ನೆರಡು ಹೆಸರುಗಳ ಮುಂದೆ ‘ಲಸಿಕೆ ತೀರಿದೆ’ ಎಂದು ದುಂಡಗೆ ಬರೆದದ್ದಕ್ಕೆ ನನ್ನನ್ನು ಯಾರೂ ಕರೆದು ಕೇಳಲಿಲ್ಲ. ಉಸ್ತಾದರು ಮಾತ್ರ ನನ್ನ ಪಕ್ಕ ಕೂತು, ತಾವಾಗಿ ನಾಲ್ಕು ಊರಿನ ಪಟ್ಟಿಗಳನ್ನು ತೆಗೆದು, ಕೊನೆಯ ಓಣಿಯನ್ನು ಮೊದಲಿಗೆ ಬರೆದುಕೊಟ್ಟರು. ಬರೆಯುವಾಗ ಅವರ ಕೈ ಗಟ್ಟಿಯಾಗಿತ್ತು. ಕೆಳಗೆ ಸಹಿ ಹಾಕುವಾಗ ಒಮ್ಮೆ ನನ್ನ ಮುಖ ನೋಡಿ, ಹಾಕಿದರು. ಆ ಸಹಿಗೆ ಅವರು ಆ ದಿನಗಳಲ್ಲಿ ಎಷ್ಟು ಧೈರ್ಯ ಕೂಡಿಸಿರಬೇಕು ಎಂದು ನನಗೆ ಆಮೇಲೆ ತಿಳಿಯಿತು.

ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಈ ಇಲಾಖೆಯಲ್ಲಿದ್ದೆ. ಕೇಡು ಮಾಡದೆ ಇರುವುದು ಬೇರೆ, ಕೇಡಿಗೆ ಎದುರು ನಿಲ್ಲುವುದು ಬೇರೆ. ಇದನ್ನು ಪ್ರತಿ ಊರಿನಲ್ಲೂ ಹೊಸದಾಗಿ ಕಲಿಯಬೇಕಾಯಿತು. ಕೆಲವು ಊರುಗಳಲ್ಲಿ ಮತ್ತೆ ಸೋತಿದ್ದೇನೆ. ಬಾಯಿಗೆ ಬಂದ ಮಾತನ್ನು ನುಂಗಿ, ಮನೆಗೆ ಬಂದು ಊಟ ಬಿಟ್ಟು ಕೂತ ದಿನಗಳೂ ಇವೆ. ಗುಟ್ಟಾಗಿ ಮಾಡುವ ಉಪಕಾರವನ್ನು ಮಾತ್ರ ಮತ್ತೆ ನಂಬಲಿಲ್ಲ.

ಹಳ್ಳದಾಚೆ ಹಾಕಿದ ಆ ಹೊಸ ಟೀಕಾದ ಎಂಟನೆಯ ದಿನಕ್ಕೆ ಮರಳುತ್ತೇನೆ. ನಾನು ಬೆಳಿಗ್ಗೆಯೇ ಹಳ್ಳದಾಚೆಗೆ ಹೋದೆ. ಅವಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ಇದ್ದಳು. ಮಗುವಿನ ತೋಳಿಗೆ ತೆಳುವಾದ ಬಟ್ಟೆ ಸುತ್ತಿತ್ತು. ನಾನು ಬಿಚ್ಚಲು ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಇಲ್ಲಿ ಬ್ಯಾಡ್ರಿ,” ಎಂದಳು.

“ಯಾಕ?”

“ನಮ್ಮ ರಕ್ತ ಬ್ಯಾರೆ ಅಂತ ಎಲ್ಲಿ ಅಂದಾರ, ಅಲ್ಲೇ ನೋಡ್ರಿ.”

ಅವಳು ನಡೆದಳು, ನಾನು ಹಿಂದೆ ನಡೆದೆ. ಬಯಲಿನ ಅಂಚಿಗೆ ಬಂದಾಗ ಅವಳು ಒಂದು ಗಳಿಗೆ ನಿಂತಳು. ನಾನು ಮುಂದೆ ಹೋಗಿ ಚಾವಡಿಯ ಮೆಟ್ಟಿಲ ಬಳಿ ರಿಜಿಸ್ಟರನ್ನಿಟ್ಟು, “ಇಲ್ಲಿ ಬೆಳಕು ಛಲೋ ಅದ, ಬರ್ರಿ,” ಎಂದು ಕರೆದೆ. ಕಟ್ಟೆಯ ಮೇಲಿದ್ದವರು ಇತ್ತ ತಿರುಗಿದರು. ಅವಳು ಬಯಲನ್ನು ದಾಟಿ ಮೆಟ್ಟಿಲವರೆಗೆ ಬಂದಳು. ಪಾಟೀಲರ ತಮ್ಮ ಎದ್ದು ನಿಂತರು. ಪಾಟೀಲರು ಏಳಲಿಲ್ಲ.

ಬಟ್ಟೆ ಬಿಚ್ಚಿದೆ. ಹಾಕಿದ ನಾಲ್ಕೂ ಕಡೆ ಗುಳ್ಳೆ ಎದ್ದಿದ್ದವು, ನಡುವೆ ಕುಳಿ, ಸುತ್ತ ಕೆಂಪು ಅಂಚು, ಉಸ್ತಾದರು ಹೇಳಿಕೊಟ್ಟ ಹಾಗೇ.

“ಎದ್ದಾವ. ನಾಲ್ಕೂ ಎದ್ದಾವ,” ಎಂದೆ.

“ಬರೀರಿ.”

ಬರೆದೆ.

“ಓದ್ರಿ.”

ಓದಿದೆ. ಅವಳು ಮಗುವಿನ ತೋಳನ್ನು ಸ್ವಲ್ಪ ಎತ್ತಿ, ಕಟ್ಟೆಯ ಕಡೆಗೆ ಒಮ್ಮೆ ತಿರುಗಿಸಿ ಹಿಡಿದಳು. ಆಮೇಲೆ ಬಟ್ಟೆ ಸುತ್ತಿದಳು. ಬಯಲಿನ ಅಂಚಿನಲ್ಲಿ ಓಣಿಯ ಉಳಿದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ನಿಂತಿದ್ದರು. ಅವಳು ಅವರತ್ತ ತಿರುಗಿ, “ಬರ್ರಿ ಯಕ್ಕಾ, ಸಾಹೇಬ್ರಿಗೆ ಹೊತ್ತಾಗ್ತದ,” ಎಂದಳು. ಅವರು ಒಬ್ಬೊಬ್ಬರಾಗಿ ಬಯಲು ದಾಟಿ ಬಂದರು. ಆ ಬೆಳಿಗ್ಗೆಯೆಲ್ಲ ಚಾವಡಿಯ ಮೆಟ್ಟಿಲ ಬಳಿ ಕೂತು ನಾನು ತೋಳುಗಳನ್ನು ನೋಡಿ ಬರೆದೆ.